1440 ಕಿಲೋಬೈಟ್‌ನಲ್ಲಿ ಯಾರಿಗೆ ಜಾಗ?

1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾವು ಬರೆಯುತ್ತಿದ್ದ ಆಪರೇಟಿಂಗ್ ಸಿಸ್ಟಮ್ ಕುರಿತು ಮಿನಿಕ್ಸ್ ಎಂಬ ಸಿಸ್ಟಮ್ ಬಳಸುವವರ ಬಳಗಕ್ಕೆ ಒಂದು ಸಂದೇಶ ಕಳಿಸಿದರು. ಹವ್ಯಾಸಕ್ಕೆ ಮಾಡುತ್ತಿದ್ದೇನೆ, ದೊಡ್ಡದೇನೂ ಆಗಲಿಕ್ಕಿಲ್ಲ ಎಂಬ ಮಾತು ಈಗ ಎಲ್ಲರಿಗೂ ಗೊತ್ತು. ಅದೇ ಸಂದೇಶದ ಕೊನೆಯ ಮಾತನ್ನು ನೆನೆಯುವವರು ಕಡಿಮೆ. ಎಟಿ ಹಾರ್ಡ್ ಡಿಸ್ಕ್ ಬಿಟ್ಟರೆ ಬೇರೆ ಯಾವ ಡಿಸ್ಕಿನ ಜೊತೆಗೂ ಇದು ಬಹುಶಃ ಎಂದೂ ಕೆಲಸ ಮಾಡಲಾರದು, ತನ್ನ ಹತ್ತಿರ ಇರುವುದು ಅದೊಂದೇ ಎಂದು ಅವರು ಬರೆದಿದ್ದರು.

ಅದು ಆ ದಿನದ ವಸ್ತುಸ್ಥಿತಿ. ಡಿಸ್ಕ್ ಎಂದರೇನು, ನೆಟ್‌ವರ್ಕ್ ಕಾರ್ಡ್ ಎಂದರೇನು ಎಂಬುದು ಆಪರೇಟಿಂಗ್ ಸಿಸ್ಟಮ್‌ಗೆ ತಾನಾಗಿ ತಿಳಿಯುವುದಿಲ್ಲ. ಯಾವ ಪೋರ್ಟ್‌ಗೆ ಯಾವ ಸಂಖ್ಯೆ ಬರೆದರೆ ಈ ಕಂಪನಿಯ ಈ ಕಾರ್ಡ್ ಎಚ್ಚೆತ್ತು ಒಂದು ಸೆಕ್ಟರ್ ಓದಿಕೊಡುತ್ತದೆ ಎಂಬ ತಿಳಿವಳಿಕೆಯನ್ನು ಯಾರೋ ಒಬ್ಬರು ಕುಳಿತು ಕೋಡ್ ಆಗಿ ಬರೆಯಬೇಕು. ಆ ಕೋಡೇ ಡ್ರೈವರ್. ತನ್ನ ಮೇಜಿನ ಮೇಲಿರುವ ಯಂತ್ರಕ್ಕೆ ಮಾತ್ರ ಬರೆದುಕೊಳ್ಳುವವನಿಗೆ ಒಂದು ಡಿಸ್ಕ್ ಡ್ರೈವರ್ ಸಾಕು. ಅದೇ ಸಿಸ್ಟಮ್ಮನ್ನು ಮ್ಯಾಂಚೆಸ್ಟರಿನವರೂ ಮಿನೆಸೋಟದವರೂ ಬೆಂಗಳೂರಿನವರೂ ತಮ್ಮ ತಮ್ಮ ಯಂತ್ರಕ್ಕೆ ಹಾಕಿಕೊಳ್ಳಲು ಹೊರಟಾಗ ಲೆಕ್ಕ ಬೇರೆಯಾಗುತ್ತದೆ. ಆ ಲೆಕ್ಕವನ್ನು ಹತ್ತು ಹನ್ನೆರಡು ವರ್ಷ ಮೂರೂವರೆ ಇಂಚಿನ ಪ್ಲಾಸ್ಟಿಕ್ ಚೌಕದೊಳಗೆ ಬಿಡಿಸಬೇಕಾಯಿತು.

1987ರಲ್ಲಿ ಐಬಿಎಂನ ಪಿಎಸ್/2 ಯಂತ್ರಗಳ ಜೊತೆ ಬಂದು ನೆಲೆಯೂರಿದ ಫ್ಲಾಪಿಗೆ ಎರಡು ಮುಖ, ಮುಖಕ್ಕೆ 80 ಟ್ರ್ಯಾಕ್, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಗುಣಿಸಿದರೆ 14,74,560 ಬೈಟ್, ಅಂದರೆ 1440 ಕಿಲೋಬೈಟ್. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕೂಡ ಸಾಮಾನ್ಯವಾಗಿ ಅದರಲ್ಲಿ ಹಿಡಿಯುವುದಿಲ್ಲ. ಹಾಗಿದ್ದೂ ಅದನ್ನೇ ನೆಚ್ಚಿಕೊಳ್ಳಲು ಬಲವಾದ ಕಾರಣವಿತ್ತು. ಪಿಸಿಯ ಸ್ವಿಚ್ ಒತ್ತಿದ ಕೂಡಲೇ ಎಚ್ಚರಾಗುವ ಬಯಾಸ್‌ಗೆ ಯಾರ ನೆರವೂ ಇಲ್ಲದೆ ಓದಲು ಬರುತ್ತಿದ್ದ ಹೊರಗಿನ ವಸ್ತು ಫ್ಲಾಪಿಯೊಂದೇ. ಹಾರ್ಡ್ ಡಿಸ್ಕನ್ನೂ ಅದು ಓದಬಲ್ಲದು, ಆದರೆ ಹೊಸ ಯಂತ್ರದಲ್ಲಿ ಅದು ಖಾಲಿ. ಸಿಡಿಯಿಂದ ಬೂಟ್ ಆಗುವುದು ಹೇಗೆಂದು ಬಯಾಸ್‌ಗೆ ಹೇಳಿಕೊಡುವ ಎಲ್ ಟೊರಿಟೊ ಎಂಬ ನಿಯಮಾವಳಿ ಬಂದದ್ದೇ 1995ರಲ್ಲಿ. ಅದು ಎಲ್ಲರ ಮದರ್‌ಬೋರ್ಡ್‌ಗೆ ಇಳಿಯಲು ಇನ್ನೂ ಹಲವು ವರ್ಷ ಹಿಡಿಯಿತು.

ಬಯಾಸ್ ಮಾಡುತ್ತಿದ್ದದ್ದೂ ಅಷ್ಟೇ: ಫ್ಲಾಪಿಯಲ್ಲಿದ್ದ ಕರ್ನಲ್ಲನ್ನು, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನು, ಮೆಮೊರಿಗೆ ತಂದು ಹಾಕುವುದು. ಟೊರ್ವಾಲ್ಡ್ಸ್ ಅವರ ಸಿಸ್ಟಮ್ಮಾದ ಲಿನಕ್ಸಿನ ಕರ್ನಲ್ ಒಮ್ಮೆ ಓಡತೊಡಗಿತೆಂದರೆ ಡಿಸ್ಕ್ ಓದಲು ಬಯಾಸನ್ನು ಕೇಳುವುದಿಲ್ಲ. ಎಲ್ಲವನ್ನೂ ತನ್ನ ಸ್ವಂತ ಡ್ರೈವರ್‌ಗಳಿಂದಲೇ ಮಾಡಿಕೊಳ್ಳುತ್ತದೆ. ನಿಮ್ಮ ಸಿಡಿ ಡ್ರೈವ್‌ನ ಡ್ರೈವರ್ ಸಿಡಿಯಲ್ಲಿದೆ, ಆದರೆ ಸಿಡಿ ಓದಬೇಕಾದರೆ ಆ ಡ್ರೈವರ್ ಬೇಕು. ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಎಫ್‌ಟಿಪಿ ಸರ್ವರಿನಲ್ಲಿದೆ, ಸರ್ವರ್ ಮುಟ್ಟಬೇಕಾದರೆ ನೆಟ್‌ವರ್ಕ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಇಷ್ಟು ಚೆನ್ನಾಗಿ ಹೊಂದುವ ಸಂದರ್ಭ ಇನ್ನೊಂದಿರಲಾರದು. ಇದನ್ನು ಬಿಡಿಸಲು ಇದ್ದದ್ದು ಒಂದೇ ದಾರಿ. ಆರಂಭಕ್ಕೆ ಬೇಕಾದ ಡ್ರೈವರ್‌ಗಳನ್ನೆಲ್ಲ ಕರ್ನಲ್ ಜೊತೆಗೆ ಆ 1440 ಕಿಲೋಬೈಟ್‌ನಲ್ಲೇ ತುಂಬುವುದು. ಹಾಗಾಗಿ ಪ್ರತಿ ಬೂಟ್ ಫ್ಲಾಪಿಯೂ, ಅದನ್ನು ಮಾಡಿದವರು ಬಯಸಲಿ ಬಿಡಲಿ, ಒಂದು ತೀರ್ಮಾನವಾಗಿತ್ತು: ಯಾರ ಯಂತ್ರ ಒಳಗೆ, ಯಾರದು ಹೊರಗೆ.

ಮೊದಮೊದಲು ಎರಡು ಫ್ಲಾಪಿಗಳ ಜೋಡಿಯಿತ್ತು. ಬೂಟ್ ಫ್ಲಾಪಿಯಲ್ಲಿ ಕರ್ನಲ್, ರೂಟ್ ಫ್ಲಾಪಿಯಲ್ಲಿ ಶೆಲ್ ಮತ್ತು ನಾಲ್ಕಾರು ಉಪಕರಣಗಳು. ಬೂಟ್ ಆದಮೇಲೆ ಮೊದಲಿನದನ್ನು ತೆಗೆದು ಎರಡನೆಯದನ್ನು ಹಾಕಿ ಎಂಟರ್ ಒತ್ತಬೇಕು. ರೂಟ್ ಯಾವ ಡಿಸ್ಕಿನಲ್ಲಿದೆ ಎಂದು ಕರ್ನಲ್ಲಿಗೆ ತಿಳಿಸಲು ಕರ್ನಲ್ ಇಮೇಜಿನ 508 ಮತ್ತು 509ನೇ ಬೈಟ್‌ಗಳನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದು ಕೈಯಾರೆ ತಿದ್ದಿದವರಿದ್ದರು. ಆಮೇಲೆ ಅದಕ್ಕೆಂದೇ ಆರ್‌ಡೆವ್ ಎಂಬ ಪುಟ್ಟ ಪ್ರೋಗ್ರಾಂ ಬಂತು. 1992ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಕಂಪ್ಯೂಟಿಂಗ್ ಸೆಂಟರಿನ ಓವೆನ್ ಲೆ ಬ್ಲಾಂಕ್ ಹೊರತಂದ ಎಂಸಿಸಿ ಇಂಟರಿಮ್ ಲಿನಕ್ಸ್, ಈ ಜೋಡಿಯನ್ನು ಇನ್‌ಸ್ಟಾಲ್ ಎಂದು ಕರೆಯಬಹುದಾದ ಕ್ರಮಕ್ಕೆ ತಂದಿತು. ಅದೇ ವರ್ಷ ಪೀಟರ್ ಮ್ಯಾಕ್‌ಡೊನಾಲ್ಡ್ ಅವರ ಎಸ್‌ಎಲ್‌ಎಸ್. ಎಸ್‌ಎಲ್‌ಎಸ್‌ನ ದೋಷಗಳನ್ನು ತಿದ್ದುತ್ತಾ ಹೋದ ಪ್ಯಾಟ್ರಿಕ್ ವೋಲ್ಕರ್ಡಿಂಗ್ 1993ರ ಜುಲೈನಲ್ಲಿ ಸ್ಲಾಕ್‌ವೇರ್ ಬಿಡುಗಡೆ ಮಾಡಿದರು. ಆಗ ಅದು 24 ಫ್ಲಾಪಿಗಳ ಕಟ್ಟು. 1994ರ ಅಕ್ಟೋಬರ್‌ನ 2.1ನೇ ಆವೃತ್ತಿಯ ಹೊತ್ತಿಗೆ 73 ಫ್ಲಾಪಿಯಾಗಿತ್ತು.

ಈ 73ರಲ್ಲಿ ಹೆಚ್ಚಿನವು ಬರೀ ಸರಕು. ಎಡಿಟರ್, ಕಂಪೈಲರ್, ಎಕ್ಸ್ ವಿಂಡೋ. ಅವನ್ನು ಹೊರಲು ಸಿಡಿ ಬಂದಾಗ ಆ ಹೊರೆ ಇಳಿಯಿತು. ಇಳಿಯದೆ ಉಳಿದದ್ದು ಮೊದಲ ಫ್ಲಾಪಿಯ ಕಷ್ಟ.

ಆ ಕಾಲದ ಪಿಸಿ ಮಾರುಕಟ್ಟೆ ಹೇಗಿತ್ತೆಂದು ಒಮ್ಮೆ ನೋಡಬೇಕು. ಐಡಿಇ ಸಿಡಿ ಡ್ರೈವ್‌ಗಳು ಬರುವ ಮೊದಲು ಪ್ರತಿ ತಯಾರಕನದೂ ಒಂದೊಂದು ಸಂಪರ್ಕ. ಸೋನಿಯದು ಒಂದು, ಮಿತ್ಸುಮಿಯದು ಇನ್ನೊಂದು, ಪ್ಯಾನಸಾನಿಕ್ ಡ್ರೈವ್ ಸೌಂಡ್ ಬ್ಲಾಸ್ಟರ್ ಕಾರ್ಡಿಗೆ ಅಂಟಿಕೊಂಡು ಬರುತ್ತಿತ್ತು. ಸಿಡಿಯೊಳಗಿನ ಮಾಹಿತಿ ಓದಲು ಸೌಂಡ್ ಕಾರ್ಡಿನ ಮೂಲಕ ಹೋಗಬೇಕು! ಡಿಸ್ಕ್ ಜೋಡಿಸುವ ಇನ್ನೊಂದು ಬಗೆಯಾದ ಸ್ಕಸಿಯ ಲೋಕದಲ್ಲಿ ಅಡಾಪ್ಟೆಕ್, ಬಸ್‌ಲಾಜಿಕ್, ಅಲ್ಟ್ರಾಸ್ಟೋರ್. ಅಡಾಪ್ಟೆಕ್ ಒಂದರಲ್ಲೇ ಪರಸ್ಪರ ಹೊಂದದ ಹಲವು ಬಗೆ. ಇವೆಲ್ಲಕ್ಕೂ ಡ್ರೈವರ್ ತುಂಬಿದ ಕರ್ನಲ್ ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿರಲಿಲ್ಲ. ಗಾತ್ರಕ್ಕೆ ಇನ್ನೂ ಒಂದು ಕಟ್ಟಿತ್ತು. ಹಳೆಯ ಜೀಇಮೇಜ್ ಮಾದರಿಯ ಕರ್ನಲ್ ಸಂಕುಚಿತ ರೂಪದಲ್ಲಿ ಪಿಸಿಯ ಮೊದಲ 640 ಕಿಲೋಬೈಟ್ ಮೆಮೊರಿಯೊಳಗೇ ಇಳಿಯಬೇಕಿದ್ದರಿಂದ, ಫ್ಲಾಪಿಯಲ್ಲಿ ಜಾಗವಿದ್ದರೂ ಅರ್ಧ ಮೆಗಾಬೈಟಿನಾಚೆಗೆ ಅದು ಬೆಳೆಯುವಂತಿರಲಿಲ್ಲ.

ಹಿಡಿದರೂ ಅಪಾಯ ತಪ್ಪುತ್ತಿರಲಿಲ್ಲ. ಹಳೆಯ ಐಎಸ್‌ಎ ಕಿಂಡಿಗೆ ಕೂರುವ ಕಾರ್ಡ್‌ಗಳಿಗೆ ತಮ್ಮ ಗುರುತು ಹೇಳಿಕೊಳ್ಳುವ ವ್ಯವಸ್ಥೆ ಇರಲಿಲ್ಲ. ಡ್ರೈವರ್ ಒಂದೊಂದು ವಿಳಾಸಕ್ಕೂ ಏನನ್ನೋ ಬರೆದು, ಬಂದ ಉತ್ತರ ನೋಡಿ, ಇಲ್ಲಿ ನನ್ನ ಕಾರ್ಡ್ ಇರಬಹುದು ಎಂದು ಊಹಿಸಬೇಕಿತ್ತು. ಆ ವಿಳಾಸದಲ್ಲಿ ಬೇರೆ ಕಾರ್ಡ್ ಕುಳಿತಿದ್ದರೆ ಅದು ಗಾಬರಿಗೊಂಡು ಇಡೀ ಯಂತ್ರವನ್ನೇ ನಿಲ್ಲಿಸಿಬಿಡುವುದುಂಟು. ಆಗ ಅತಿ ಅಗ್ಗವಾಗಿ ಎಲ್ಲೆಡೆ ಸಿಗುತ್ತಿದ್ದ ಎನ್‌ಇ2000 ಮಾದರಿಯ ನೆಟ್‌ವರ್ಕ್ ಕಾರ್ಡ್ ಇದಕ್ಕೆ ಹೆಸರುವಾಸಿ. ಬೇರೆ ಡ್ರೈವರ್‌ಗಳು ಅದರ ವಿಳಾಸವನ್ನು ತಡಕದಂತೆ ಬೂಟ್ ಆಗುವಾಗಲೇ ರಿಸರ್ವ್ ಎಂಬ ಆಜ್ಞೆ ಟೈಪ್ ಮಾಡಿ ಬೇಲಿ ಹಾಕಬೇಕಿತ್ತು. ಒಬ್ಬರ ಯಂತ್ರ ಎಬ್ಬಿಸಲೆಂದು ಸೇರಿಸಿದ ಡ್ರೈವರ್ ಇನ್ನೊಬ್ಬರ ಯಂತ್ರವನ್ನು ಮಲಗಿಸುತ್ತಿತ್ತು.

ವೋಲ್ಕರ್ಡಿಂಗ್ ಕಂಡುಕೊಂಡ ದಾರಿ ಸರಳ, ಆದರೆ ಅಪಾರ ಶ್ರಮದ್ದು. ಒಂದೇ ಬೂಟ್ ಫ್ಲಾಪಿಯ ಬದಲು ಹತ್ತಾರು. ಸಾದಾ ಐಡಿಇ ಯಂತ್ರಕ್ಕೆ ಬೇರ್.ಐ, ಸೌಂಡ್ ಬ್ಲಾಸ್ಟರಿಗೆ ತಗುಲಿದ ಸಿಡಿ ಇದ್ದವರಿಗೆ ಎಸ್‌ಬಿಪಿಸಿಡಿ.ಐ, ಸೋನಿ ಡ್ರೈವಿಗೆ ಸಿಡಿಯು31ಎ.ಐ, ನೆಟ್‌ವರ್ಕಿನಿಂದ ಹಾಕಿಕೊಳ್ಳುವವರಿಗೆ ನೆಟ್.ಐ, ಸ್ಕಸಿ ಇದ್ದವರಿಗೆ ಎಸ್ ಅಕ್ಷರದಲ್ಲಿ ಮುಗಿಯುವ ಇನ್ನೊಂದು ಸಾಲು. ತಮ್ಮ ಯಂತ್ರದೊಳಗೆ ಏನಿದೆ ಎಂದು ತಿಳಿದುಕೊಂಡು, ಸರಿಯಾದ ಇಮೇಜ್ ಆರಿಸಿ, ಡಾಸ್‌ನಲ್ಲಿ ರಾರೈಟ್ ಎಂಬ ಪ್ರೋಗ್ರಾಂನಿಂದ ಫ್ಲಾಪಿಗೆ ಇಳಿಸಿಕೊಳ್ಳುವ ಕೆಲಸ ಬಳಕೆದಾರರದು. ಆ ಪಟ್ಟಿಯನ್ನು ಇವತ್ತು ಓದಿದರೆ 1995ರ ಪಿಸಿ ಜಗತ್ತಿನ ಜನಗಣತಿ ಓದಿದಂತಾಗುತ್ತದೆ. ಯಾರೋ ಒಬ್ಬರ ಮನೆಯಲ್ಲಿ ಉಳಿದಿದ್ದ ಹಳೆಯ ಎಕ್ಸ್‌ಟಿ ಕಾಲದ ಡಿಸ್ಕ್ ಕಂಟ್ರೋಲರಿಗೂ ಅಲ್ಲಿ ಒಂದು ಪ್ರತ್ಯೇಕ ಫ್ಲಾಪಿ ಇತ್ತು.

ಡ್ರೈವರ್‌ಗಳನ್ನು ಬರೆದವರನ್ನು ಇಲ್ಲಿ ಮರೆಯುವಂತಿಲ್ಲ. ಲಿನಕ್ಸಿನ ಆರಂಭದ ಈಥರ್‌ನೆಟ್ ಡ್ರೈವರ್‌ಗಳಲ್ಲಿ ಬಹುಪಾಲು ಡೊನಾಲ್ಡ್ ಬೆಕರ್ ಎಂಬ ಒಬ್ಬರೇ ವ್ಯಕ್ತಿಯ ಕೈಯವು. ಅಮೆರಿಕದ ನಾಸಾ ಗೊಡಾರ್ಡ್ ಕೇಂದ್ರದಲ್ಲಿ ಅಗ್ಗದ ಪಿಸಿಗಳನ್ನು ಜೋಡಿಸಿ ಸೂಪರ್ ಕಂಪ್ಯೂಟರ್ ಕಟ್ಟಿದ ಬೇವುಲ್ಫ್ ಯೋಜನೆಯ ಇಬ್ಬರು ರೂವಾರಿಗಳಲ್ಲಿ ಅವರೊಬ್ಬರು. ಲ್ಯಾಪ್‌ಟಾಪ್‌ಗಳ ಪಿಸಿಎಂಸಿಐಎ ಕಾರ್ಡ್‌ಗಳ ಕೆಲಸವನ್ನು ಡೇವಿಡ್ ಹೈಂಡ್ಸ್ ಹಲವು ವರ್ಷ ಹೊತ್ತರು. ಇನ್‌ಸ್ಟಾಲ್ ಕಟ್ಟುಗಳಲ್ಲಿ ಪಿಸಿಎಂಸಿಐಎಗೆಂದೇ ಬೇರೊಂದು ಫ್ಲಾಪಿ ಇರುತ್ತಿದ್ದುದು ಆ ಕಾಲದ ಲ್ಯಾಪ್‌ಟಾಪ್ ಒಡೆಯರಿಗೆಲ್ಲ ನೆನಪಿದ್ದೀತು.

ನಮ್ಮಲ್ಲಿಗೆ ಲಿನಕ್ಸ್ ಬಂದದ್ದು ಹೆಚ್ಚಾಗಿ ಪತ್ರಿಕೆಗಳ ಸಿಡಿಯಲ್ಲಿ. 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿಡಿ ಹಂಚತೊಡಗಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಡಯಲ್-ಅಪ್‌ನಲ್ಲಿ ಹತ್ತು ಮೆಗಾಬೈಟ್ ಇಳಿಸಿಕೊಳ್ಳುವುದೇ ದೊಡ್ಡ ಸಾಹಸವಾಗಿದ್ದ ದಿನಗಳಲ್ಲಿ ಆ ಸಿಡಿ ಸಾವಿರಾರು ಜನರ ಮೊದಲ ಪಾಠಶಾಲೆ. ಆದರೆ ಇಲ್ಲಿನ ಜೋಡಿಸಿದ ಪಿಸಿಗಳಲ್ಲಿ ಬಹಳಷ್ಟು ಸಿಡಿಯಿಂದ ಬೂಟ್ ಆಗುತ್ತಿರಲಿಲ್ಲ. ಸಿಡಿ ಕೈಯಲ್ಲಿದ್ದರೂ ಡಾಸ್‌ಗೆ ಹೋಗಿ, ಸಿಡಿಯೊಳಗಿನ ಬೂಟ್ ಇಮೇಜನ್ನು ಫ್ಲಾಪಿಗೆ ಬರೆದುಕೊಂಡು, ಆ ಫ್ಲಾಪಿಯಿಂದ ಎದ್ದು ಮತ್ತೆ ಸಿಡಿಗೆ ಬರಬೇಕು. ಫ್ಲಾಪಿಯ ಒಂದು ಸೆಕ್ಟರ್ ಕೆಟ್ಟಿದ್ದರೂ ಎಲ್ಲ ಮೊದಲಿನಿಂದ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತಿದ್ದ ಫ್ಲಾಪಿಗಳ ನಡುವೆ ಒಂದು ನಿರ್ದೋಷವಾದದ್ದು ಸಿಕ್ಕರೆ ಅದನ್ನು ಬೂಟ್ ಡಿಸ್ಕ್ ಎಂದು ಚೀಟಿ ಹಚ್ಚಿ ಎತ್ತಿಡುತ್ತಿದ್ದರು.

ಇಕ್ಕಟ್ಟಿನಿಂದ ಹೊರಬರುವ ನಿಜವಾದ ದಾರಿ ಎರಡು ಹಂತಗಳಲ್ಲಿ ತೆರೆಯಿತು. 1995ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 1.2ರ ಹೊತ್ತಿಗೆ ಡ್ರೈವರ್‌ಗಳನ್ನು ಕರ್ನಲ್ಲಿನಿಂದ ಬಿಡಿಸಿ ಮಾಡ್ಯೂಲ್‌ಗಳಾಗಿ ಇಟ್ಟು, ಬೇಕಾದಾಗ ಸೇರಿಸಿಕೊಳ್ಳುವುದು ಸಾಧ್ಯವಾಗಿತ್ತು. ಆದರೆ ಮಾಡ್ಯೂಲನ್ನು ಓದಲು ಒಂದು ಫೈಲ್ ಸಿಸ್ಟಮ್ ಸಿಗಬೇಕಲ್ಲ? ಅದಕ್ಕೆ 1996ರಲ್ಲಿ ವೆರ್ನರ್ ಆಲ್ಮೆಸ್‌ಬರ್ಗರ್ ಮತ್ತು ಹಾನ್ಸ್ ಲೆರ್ಮೆನ್ ಇನಿಟ್‌ಆರ್‌ಡಿ ತಂದರು. ಬಯಾಸ್ ಓದುತ್ತಿರುವ ಹೊತ್ತಿನಲ್ಲೇ ಕರ್ನಲ್ ಜೊತೆಗೆ ಇನ್ನೊಂದು ಸಂಕುಚಿತ ಕಡತವನ್ನೂ ಮೆಮೊರಿಗೆ ತಂದಿಟ್ಟುಬಿಡುವುದು. ಕರ್ನಲ್ ಎದ್ದಮೇಲೆ ಅದನ್ನೇ ತಾತ್ಕಾಲಿಕ ಡಿಸ್ಕ್ ಎಂದು ಬಗೆದು, ಅದರಲ್ಲಿರುವ ಮಾಡ್ಯೂಲ್‌ಗಳಲ್ಲಿ ತನಗೆ ಬೇಕಾದದ್ದನ್ನು ಮಾತ್ರ ಆರಿಸಿಕೊಳ್ಳುವುದು. ಬಯಾಸ್‌ಗೆ ತಿಳಿದಿದ್ದ ಒಂದೇ ವಿದ್ಯೆಯನ್ನು ಕೊನೆಯ ಹನಿಯವರೆಗೆ ಬಳಸಿಕೊಂಡ ಉಪಾಯ ಇದು. ಈ ಇಡೀ ಕಥೆಯಲ್ಲಿ ನನಗೆ ಅತಿ ಸೊಗಸಾಗಿ ಕಾಣುವ ಆಲೋಚನೆಯೂ ಇದೇ. ಇದಾದಮೇಲೆ ಹತ್ತಾರು ಬೂಟ್ ಫ್ಲಾಪಿಗಳ ಸಾಲು ಎರಡು ಮೂರಕ್ಕೆ ಇಳಿಯಿತು. ರೆಡ್ ಹ್ಯಾಟ್ ಒಂದು ಬೂಟ್ ಇಮೇಜ್, ನೆಟ್‌ವರ್ಕಿಗೊಂದು, ಪಿಸಿಎಂಸಿಐಎಗೊಂದು, ಮುಂದೆ ಅಪರೂಪದ ಡ್ರೈವರ್‌ಗಳಿಗೊಂದು ಎಂದು ಹಂಚಿಕೊಂಡಿತು. ಸಾಮಾನ್ಯ ಯಂತ್ರದವರಿಗೆ ಒಂದು ಫ್ಲಾಪಿ, ಅಪರೂಪದ ಕಾರ್ಡಿನವರಿಗೆ ಎರಡು. ಆದರೆ ಯಾರನ್ನೂ ಬಿಟ್ಟಿಲ್ಲ.

ಯಾರನ್ನೂ ಬಿಡಬಾರದು ಎಂಬ ಹಟ ಎಲ್ಲರಿಗಿಂತ ಹೆಚ್ಚಾಗಿ ಇದ್ದದ್ದು ಡೆಬಿಯನ್ ಬಳಗಕ್ಕೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಲಿನಕ್ಸ್ ಯೋಜನೆಯ ಇನ್‌ಸ್ಟಾಲರಿನ ಹೆಸರೇ ಬೂಟ್-ಫ್ಲಾಪೀಸ್. 1995ರಲ್ಲಿ ಅದನ್ನು ಕೈಗೆತ್ತಿಕೊಂಡ ಬ್ರೂಸ್ ಪೆರೆನ್ಸ್ ಮುಂದಿದ್ದ ಗುರಿ: ಕೆಟ್ಟ ಯಂತ್ರವನ್ನು ರಿಪೇರಿ ಮಾಡಲೂ ಹೊಸದಕ್ಕೆ ಡೆಬಿಯನ್ ಹಾಕಲೂ ಒಂದೇ ಫ್ಲಾಪಿ ಸಾಕಾಗಬೇಕು. ಡ್ರೈವರ್‌ಗಳಿಗೆ ಜಾಗ ಬೇಕಾದರೆ ಉಳಿದದ್ದು ಕುಗ್ಗಬೇಕು. ಅವರು ಎಲ್‌ಎಸ್, ಸಿಪಿ, ಮೌಂಟ್ ಮುಂತಾದ ಹತ್ತಾರು ಉಪಕರಣಗಳನ್ನು ನೋಡಿದರು. ಪ್ರತಿಯೊಂದೂ ಬೇರೆ ಬೇರೆ ಪ್ರೋಗ್ರಾಂ ಆಗಿರುವುದರಿಂದ ಪ್ರತಿಯೊಂದರ ತಲೆಗೂ ಬಾಲಕ್ಕೂ ಅವವೇ ಬೈಟ್‌ಗಳು ಮತ್ತೆ ಮತ್ತೆ ಖರ್ಚಾಗುತ್ತಿದ್ದವು. ಎಲ್ಲವನ್ನೂ ಒಂದೇ ಪ್ರೋಗ್ರಾಂ ಆಗಿ ಬೆಸೆದು, ಯಾವ ಹೆಸರಿನಿಂದ ಕರೆದರೆ ಆ ಕೆಲಸ ಮಾಡುವಂತೆ ಬರೆದರು. ಅದೇ ಬಿಜಿಬಾಕ್ಸ್.

ಇದೇ ಆಲೋಚನೆ ಬೇರೆ ಕಡೆಯೂ ಹುಟ್ಟಿತ್ತು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೇಮ್ಸ್ ಡಾ ಸಿಲ್ವಾ 1994ರ ಸುಮಾರಿಗೆ ಬರೆದ ಕ್ರಂಚ್‌ಜೆನ್, ಬಿಎಸ್‌ಡಿ ಪಂಗಡದ ಇನ್‌ಸ್ಟಾಲ್ ಫ್ಲಾಪಿಗಳಿಗಾಗಿ ಅನೇಕ ಪ್ರೋಗ್ರಾಂಗಳನ್ನು ಒಂದರಲ್ಲಿ ಹಿಂಡುತ್ತಿತ್ತು. ಫ್ರೀಬಿಎಸ್‌ಡಿಯ ಫ್ಲಾಪಿಗಳೂ ಕರ್ನಲ್ಲಿಗೊಂದು, ರೂಟ್‌ಗೊಂದು, ಡ್ರೈವರ್‌ಗಳಿಗೊಂದು ಎಂದು ಕವಲೊಡೆದವು. ಕೆನಡಾದ ಕ್ಯೂಎನ್‌ಎಕ್ಸ್ ಕಂಪನಿ 1990ರ ದಶಕದ ಕೊನೆಗೆ ಒಂದೇ ಫ್ಲಾಪಿಯಲ್ಲಿ ಆಪರೇಟಿಂಗ್ ಸಿಸ್ಟಮ್, ವಿಂಡೋಗಳು, ವೆಬ್ ಬ್ರೌಸರ್ ಎಲ್ಲವನ್ನೂ ತುಂಬಿ ಜನರನ್ನು ಬೆರಗುಗೊಳಿಸಿತು. ಆ ಅದ್ಭುತಕ್ಕೂ ಎರಡು ಆವೃತ್ತಿ ಬೇಕಾಯಿತು, ಮೋಡೆಮ್ ಇದ್ದವರಿಗೆ ಒಂದು, ನೆಟ್‌ವರ್ಕ್ ಕಾರ್ಡ್ ಇದ್ದವರಿಗೆ ಇನ್ನೊಂದು. ಟಾಮ್ ಓಸರ್ ಎಂಬವರು ಫ್ಲಾಪಿಯ ಗಾತ್ರವನ್ನೇ ಹಿಗ್ಗಿಸಿದರು. 80ರ ಬದಲು 82 ಟ್ರ್ಯಾಕ್, 18ರ ಬದಲು 21 ಸೆಕ್ಟರ್ ಬರೆದರೆ 1722 ಕಿಲೋಬೈಟ್ ಸಿಗುತ್ತದೆ. ಅವರ ಟಾಮ್ಸ್‌ಆರ್‌ಟಿಬಿಟಿ ಫ್ಲಾಪಿ ಅನೇಕ ಸರ್ವರ್ ರೂಮುಗಳ ಆಪದ್ಬಾಂಧವ. ಮೈಕ್ರೋಸಾಫ್ಟ್ ಕೂಡ ವಿಂಡೋಸ್ 95ರ ಫ್ಲಾಪಿಗಳನ್ನು 21 ಸೆಕ್ಟರ್ ಲೆಕ್ಕದಲ್ಲೇ 1680 ಕಿಲೋಬೈಟಿಗೆ ಹಿಗ್ಗಿಸಿತ್ತು. ಆದರೆ ಹೀಗೆ ಬರೆದ ಡಿಸ್ಕನ್ನು ಎಲ್ಲ ಡ್ರೈವ್‌ಗಳೂ ನೆಚ್ಚಿಕೆಯಿಂದ ಓದುವುದಿಲ್ಲ. ಎಲ್ಲರಿಗೂ ಎಂದು ಹೊರಟವರಿಗೆ ಆ ದಾರಿ ಮುಚ್ಚಿತ್ತು.

ಡೆಬಿಯನ್‌ನವರು ಹೊರಗೆ ಹಿಗ್ಗಲಾರದೆ ಒಳಗೇ ಕುಗ್ಗಿಸುತ್ತಾ ಹೋದರು. ಸಿ ಲೈಬ್ರರಿ ಎಂಬುದು ಎಲ್ಲ ಪ್ರೋಗ್ರಾಂಗಳೂ ಹಂಚಿಕೊಳ್ಳುವ ದೊಡ್ಡ ಕಣಜ. ಫ್ಲಾಪಿಯಲ್ಲಿರುವ ಹತ್ತಿಪ್ಪತ್ತು ಪ್ರೋಗ್ರಾಂಗಳು ಅದರಲ್ಲಿ ಬಳಸುವುದು ಸ್ವಲ್ಪವೇ. ಮಾರ್ಕಸ್ ಬ್ರಿಂಕ್‌ಮನ್ 1999ರಲ್ಲಿ ಬರೆದ ಎಂಕೆಲಿಬ್ಸ್ ಎಂಬ ಸ್ಕ್ರಿಪ್ಟ್ ಫ್ಲಾಪಿಯ ಪ್ರತಿ ಪ್ರೋಗ್ರಾಮನ್ನೂ ತೆರೆದು, ಅದು ನಿಜವಾಗಿ ಕರೆಯುವ ಫಂಕ್ಷನ್‌ಗಳ ಪಟ್ಟಿ ಮಾಡಿ, ಅಷ್ಟೇ ಫಂಕ್ಷನ್‌ಗಳಿರುವ ಹೊಸ ಲೈಬ್ರರಿಯನ್ನು ಆ ಫ್ಲಾಪಿಗೆಂದೇ ಕಟ್ಟಿಕೊಡುತ್ತಿತ್ತು. ಉಳಿದ ಪ್ರತಿ ಕಿಲೋಬೈಟೂ ಒಂದು ಡ್ರೈವರಿಗೆ ಸಿಗುವ ಸ್ಥಳ.

2000ದ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 2.2, ಅಂದರೆ ಪೊಟೇಟೊ, ಆರಿಸಿಕೊಳ್ಳಲು ಹಲವು ಬಗೆಯ ಕರ್ನಲ್ ಫ್ಲಾಪಿಗಳನ್ನು ಮುಂದಿಟ್ಟಿತ್ತು. ಎಲ್ಲವೂ ಇರುವ ವನಿಲಾ; ಜನಪ್ರಿಯ ನೆಟ್‌ವರ್ಕ್ ಕಾರ್ಡ್‌ಗಳನ್ನು ಒಳಗೇ ಇಟ್ಟುಕೊಂಡು ಕಡಿಮೆ ಫ್ಲಾಪಿಗಳಲ್ಲಿ ಕೆಲಸ ಮುಗಿಸುವ ಕಾಂಪ್ಯಾಕ್ಟ್; ಸ್ಕಸಿ ಡ್ರೈವರ್‌ಗಳ ತಡಕಾಟಕ್ಕೆ ನಿಂತುಹೋಗುವ ಯಂತ್ರಗಳಿಗೆಂದು ಅವನ್ನೆಲ್ಲ ತೆಗೆದುಹಾಕಿದ ಐಡಿಇಪಿಸಿಐ; ಆಗಷ್ಟೇ ಬಂದಿದ್ದ ವೇಗದ ಡಿಸ್ಕ್ ಕಂಟ್ರೋಲರ್‌ಗಳಿಗೆ ಯುಡಿಎಂಎ66. ಈ ಪಟ್ಟಿ ಮಾಡಿದವರಲ್ಲಿ ಹೆಚ್ಚಿನವರು ಯಾರ ಸಂಬಳಕ್ಕೂ ದುಡಿಯುತ್ತಿದ್ದವರಲ್ಲ. ತಮ್ಮಲ್ಲಿಲ್ಲದ ಕಾರ್ಡ್, ತಾವೆಂದೂ ನೋಡದ ಯಂತ್ರ, ಹೆಸರೂ ತಿಳಿಯದ ಬಳಕೆದಾರ. ಅವರಿಗಾಗಿ ಒಂದೊಂದು ಬೈಟ್ ಲೆಕ್ಕ ಹಾಕಿದರು. ಕರ್ನಲ್ಲಿನ ಹೊಸ ಆವೃತ್ತಿ ಬಂದಾಗಲೆಲ್ಲ ಗಾತ್ರ ಮಿತಿ ಮೀರುತ್ತಿತ್ತು, ಮತ್ತೆ ಕೂತು ಯಾವುದನ್ನು ಯಾವ ಫ್ಲಾಪಿಗೆ ಸರಿಸುವುದೆಂದು ತಲೆಕೆಡಿಸಿಕೊಳ್ಳಬೇಕಿತ್ತು. ಡೆಬಿಯನ್‌ನ ಬಿಡುಗಡೆಗಳು ತಡವಾಗಲು ಬೂಟ್-ಫ್ಲಾಪೀಸ್ ಕೂಡ ಒಂದು ಕಾರಣವಾಯಿತು. ಈ ತಡವನ್ನು ಆಕ್ಷೇಪಿಸಿದವರು ಬಹಳ. ಅವರ ದೂರಿನಲ್ಲಿ ಹುರುಳಿತ್ತು. ಆದರೂ ಮುಂದಕ್ಕೆ ಹೋಗುವ ಅವಸರದಲ್ಲಿ ಹಳೆಯ ಯಂತ್ರದವರನ್ನು ಕೈಬಿಡದೆ ಇದ್ದದ್ದು ಡೆಬಿಯನ್ ಮಾಡಿದ ಸರಿಯಾದ ಆಯ್ಕೆ ಎಂದೇ ನಾನು ನಂಬುತ್ತೇನೆ. ಹಳೆಯ 486 ಒಂದೇ ಗತಿಯಾಗಿದ್ದ ಶಾಲೆ, ಕಚೇರಿ, ಮನೆಗಳು ಆಗ ಜಗತ್ತಿನ ತುಂಬ ಇದ್ದವು.

ವಿಂಡೋಸ್ ಲೋಕದಲ್ಲಿ ಇದೇ ಸಮಸ್ಯೆಗೆ ಇನ್ನೊಂದು ಬಗೆಯ ಉತ್ತರವಿತ್ತು. ವಿಂಡೋಸ್ ಎನ್‌ಟಿ 4ಕ್ಕೆ ಮೂರು ಸೆಟಪ್ ಫ್ಲಾಪಿ, ವಿಂಡೋಸ್ 2000ಕ್ಕೆ ನಾಲ್ಕು, ಎಕ್ಸ್‌ಪಿಗೆ ಆರು. ಡ್ರೈವರ್‌ಗಳ ಸಂಖ್ಯೆ ಬೆಳೆದಂತೆ ಫ್ಲಾಪಿಗಳ ಸಂಖ್ಯೆಯೂ ಬೆಳೆಯಿತು. ಪರದೆಯ ಕೆಳಗೆ ಒಂದೊಂದೇ ಡ್ರೈವರಿನ ಹೆಸರು ಹಾದುಹೋಗುವುದನ್ನು ನೋಡುತ್ತಾ ಕೂರಬೇಕಿತ್ತು. ಆ ಪಟ್ಟಿಯಲ್ಲಿ ಇಲ್ಲದ ಸ್ಕಸಿ ಅಥವಾ ರೇಡ್ ಕಾರ್ಡ್ ಇದ್ದವರು ಸೆಟಪ್ ಆರಂಭದಲ್ಲಿ ಕೆಲವೇ ಕ್ಷಣ ಕಾಣುವ ಸೂಚನೆಗೆ ಎಫ್6 ಕೀ ಒತ್ತಿ, ಕಾರ್ಡ್ ತಯಾರಕರು ಕೊಟ್ಟ ಫ್ಲಾಪಿಯನ್ನು ಎ ಡ್ರೈವ್‌ಗೆ ಹಾಕಬೇಕು. ಅದರಲ್ಲಿ ಟಿಎಕ್ಸ್‌ಟಿಸೆಟಪ್.ಓಇಎಂ ಎಂಬ ಕಡತ ಇರಲೇಬೇಕು. ಭಾರವನ್ನು ತಯಾರಕರ ಮೇಲೆ ಹೊರಿಸಿದ ಈ ವ್ಯವಸ್ಥೆ ಸರ್ವರ್‌ಗಳ ಕಾಲಕ್ಕೆ ಚೆನ್ನಾಗಿಯೇ ನಡೆಯಿತು. ತೊಂದರೆ ಶುರುವಾದದ್ದು 2004ರ ನಂತರ, ಸಾಟಾ ಡಿಸ್ಕ್‌ಗಳು ಎಎಚ್‌ಸಿಐ ಎಂಬ ಹೊಸ ವಿಧಾನದಲ್ಲಿ ಓಡತೊಡಗಿದಾಗ. ಎಕ್ಸ್‌ಪಿ ಬಂದದ್ದು 2001ರಲ್ಲಿ, ಅದಕ್ಕೆ ಎಎಚ್‌ಸಿಐ ಗೊತ್ತಿಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿ ಫ್ಲಾಪಿ ಡ್ರೈವೇ ಇಲ್ಲ. ಯುಎಸ್‌ಬಿ ಫ್ಲಾಪಿ ಡ್ರೈವ್‌ಗಳಲ್ಲೂ ಎಲ್ಲವನ್ನೂ ಸೆಟಪ್ ಗುರುತಿಸುತ್ತಿರಲಿಲ್ಲ. ಕೋಟಿಗಟ್ಟಲೆ ಬೈಟ್‌ಗಳ ಪೆನ್ ಡ್ರೈವ್ ಜೇಬಿನಲ್ಲಿಟ್ಟುಕೊಂಡ ಟೆಕ್ನಿಷಿಯನ್, ಒಂದು ಪುಟ್ಟ ಡ್ರೈವರ್ ತಲುಪಿಸುವ ದಾರಿ ಇಲ್ಲದೆ ನೀಲಿ ಪರದೆಯ 7ಬಿ ದೋಷದ ಮುಂದೆ ನಿಲ್ಲುತ್ತಿದ್ದ. ಬಯಾಸ್‌ನಲ್ಲಿ ಡಿಸ್ಕನ್ನು ಹಳೆಯ ಐಡಿಇ ವಿಧಾನಕ್ಕೆ ಇಳಿಸುವುದು ಒಂದು ದಾರಿ. ಎನ್‌ಲೈಟ್‌ನಂಥ ಸಾಧನದಿಂದ ಡ್ರೈವರನ್ನು ಸೇರಿಸಿ ಹೊಸ ಎಕ್ಸ್‌ಪಿ ಸಿಡಿಯನ್ನೇ ಬರೆದುಕೊಳ್ಳುವುದು ಇನ್ನೊಂದು. ಪೆನ್ ಡ್ರೈವ್‌ನಿಂದಲೂ ಸಿಡಿಯಿಂದಲೂ ಡ್ರೈವರ್ ತೆಗೆದುಕೊಳ್ಳುವ ಸೌಲಭ್ಯ ಬಂದದ್ದು ವಿಸ್ಟಾದಲ್ಲಿ, 2007ರಲ್ಲಿ.

ಸಿಡಿಯಿಂದಲೇ ಬೂಟ್ ಆಗುವ ಕಾಲ ಬಂದಮೇಲೂ ಫ್ಲಾಪಿ ಪೂರ್ತಿ ಹೋಗಲಿಲ್ಲ. ಎಲ್ ಟೊರಿಟೊ ನಿಯಮದಲ್ಲಿ ಹಲವರು ಬಳಸಿದ ದಾರಿ ಹೀಗಿತ್ತು: ಸಿಡಿಯೊಳಗೆ 1.44 ಅಥವಾ 2.88 ಮೆಗಾಬೈಟಿನ ಒಂದು ಫ್ಲಾಪಿ ಇಮೇಜ್ ಇಡುವುದು, ಬಯಾಸ್ ಅದನ್ನೇ ನಿಜವಾದ ಎ ಡ್ರೈವ್ ಎಂದು ತೋರಿಸುವುದು. 650 ಮೆಗಾಬೈಟಿನ ತಟ್ಟೆಯ ಬಾಗಿಲಲ್ಲಿ ಅದೇ ಹಳೆಯ ಮಿತಿ. ಎಚ್. ಪೀಟರ್ ಆನ್ವಿನ್ 2001ರಲ್ಲಿ ಐಸೋಲಿನಕ್ಸ್ ಬರೆದು ಈ ವೇಷವಿಲ್ಲದೆ ಸಿಡಿಯನ್ನು ಸಿಡಿಯಾಗಿಯೇ ಬೂಟ್ ಮಾಡಿಸಿದರು. 2003ರ ಡಿಸೆಂಬರ್‌ನಲ್ಲಿ ಲಿನಕ್ಸ್ 2.6 ಬಂತು. ಟೊರ್ವಾಲ್ಡ್ಸ್ ಅವರ ಆರಂಭದ ದಿನಗಳಿಂದ ಕರ್ನಲ್ಲಿನ ಮೊದಲ 512 ಬೈಟ್‌ಗಳಲ್ಲಿದ್ದ, ಫ್ಲಾಪಿಯಿಂದ ತಾನೇ ಎದ್ದು ನಿಲ್ಲುವ ಕೋಡನ್ನು ಅದರಿಂದ ತೆಗೆದುಹಾಕಿದ್ದರು. ಹಾಗೆ ಎಬ್ಬಿಸಲು ಹೋದರೆ ಬೂಟ್ ಲೋಡರ್ ಬಳಸಿ ಎಂಬ ಒಂದು ಸಾಲು ಕಾಣುತ್ತಿತ್ತು, ಅಷ್ಟೇ. 2004ರ ಫೆಡೋರಾ ಕೋರ್ 2 ಬೂಟ್ ಫ್ಲಾಪಿಗಳನ್ನು ಕೈಬಿಟ್ಟಿತು; 2.6 ಕರ್ನಲ್ ಅದರೊಳಗೆ ಹಿಡಿಯುತ್ತಿರಲಿಲ್ಲ.

ಡೆಬಿಯನ್ ಮಾತ್ರ ಇನ್ನೊಂದು ಸುತ್ತು ಹೋರಾಡಿತು. ಜೋಯಿ ಹೆಸ್ ಮತ್ತವರ ಬಳಗ ಬೂಟ್-ಫ್ಲಾಪೀಸ್ ಬಿಟ್ಟು ಹೊಸ ಡೆಬಿಯನ್ ಇನ್‌ಸ್ಟಾಲರನ್ನೇ ಕಟ್ಟಿದರು. ಡ್ರೈವರ್‌ಗಳು ಈಗ ಯುಡೆಬ್ ಎಂಬ ಕಿರು ಪೊಟ್ಟಣಗಳಾದವು. ಸಾಮಾನ್ಯ ನೆಟ್‌ವರ್ಕ್ ಕಾರ್ಡ್‌ಗಳದು ಒಂದು ಪೊಟ್ಟಣ, ಅಪರೂಪದವುಗಳದು ಎಕ್ಸ್‌ಟ್ರಾ ಎಂಬ ಹೆಸರಿನ ಇನ್ನೊಂದು. 2005ರ ಜೂನ್‌ನಲ್ಲಿ ಬಂದ ಸಾರ್ಜ್ ಎಂಬ ಆವೃತ್ತಿಯಲ್ಲಿ ಬೂಟ್, ರೂಟ್, ಆಮೇಲೆ ಸಿಡಿ ಡ್ರೈವರ್ ಅಥವಾ ನೆಟ್ ಡ್ರೈವರ್ ಎಂಬ ಫ್ಲಾಪಿಗಳ ಸಾಲು ಇನ್ನೂ ಇತ್ತು. 2007ರ ಎಚ್ ಎಂಬ ಆವೃತ್ತಿಯಲ್ಲಿ ಅದರ ಪಕ್ಕದಲ್ಲೇ ಮೌಸ್ ಹಿಡಿದು ನಡೆಸುವ ಗ್ರಾಫಿಕಲ್ ಇನ್‌ಸ್ಟಾಲರ್ ಬಂತು. ಕನ್ನಡಿಗರಿಗೆ ಇದು ಬರೀ ಅಂದಚಂದದ ವಿಷಯವಲ್ಲ. ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಶಕ್ತಿ ಅಕ್ಷರಗಳ ಚೌಕಟ್ಟಿನ ಹಳೆಯ ಪರದೆಗೆ ಇಲ್ಲ. ಅದಕ್ಕೆ ಫಾಂಟ್ ಬೇಕು, ಅಕ್ಷರ ಜೋಡಿಸುವ ತಂತ್ರಾಂಶ ಬೇಕು, ಅವೆರಡೂ ಫ್ಲಾಪಿಗೆ ದೂರದ ಮಾತು. ಮುಂದಿನ ಆವೃತ್ತಿಗಳಲ್ಲಿ ಡೆಬಿಯನ್ ಇನ್‌ಸ್ಟಾಲರ್ ಕನ್ನಡದಲ್ಲಿ ಮಾತಾಡಿದಾಗ ಅದು ಗ್ರಾಫಿಕಲ್ ರೂಪದಲ್ಲಿ ಮಾತ್ರ. ಹಳೆಯ ಯಂತ್ರಗಳಿಗೆ ಬಾಗಿಲಾಗಿದ್ದ 1440 ಕಿಲೋಬೈಟ್ ನಮ್ಮ ಲಿಪಿಗೆ ಗೋಡೆಯಾಗಿತ್ತು.

ಫ್ರೀಬಿಎಸ್‌ಡಿ 2009ರ ಎಂಟನೇ ಆವೃತ್ತಿಯೊಂದಿಗೆ ಇನ್‌ಸ್ಟಾಲ್ ಫ್ಲಾಪಿಗಳನ್ನು ನಿಲ್ಲಿಸಿತು. ಸೋನಿ 2011ರಲ್ಲಿ ಜಪಾನಿನಲ್ಲಿ ಫ್ಲಾಪಿ ಮಾರಾಟವನ್ನೇ ನಿಲ್ಲಿಸಿತು. ಆದರೆ ಆ ಇಕ್ಕಟ್ಟಿನಲ್ಲಿ ಹುಟ್ಟಿದ್ದು ಉಳಿಯಿತು. 1999ರಿಂದ ಎರಿಕ್ ಆಂಡರ್ಸನ್ ಕೈಯಲ್ಲಿ ಬೆಳೆದ ಬಿಜಿಬಾಕ್ಸ್ ಮನೆಮನೆಯ ವೈಫೈ ರೂಟರುಗಳಿಗೆ ನುಗ್ಗಿತು. 2003ರಲ್ಲಿ ಲಿಂಕ್‌ಸಿಸ್ ತನ್ನ ಡಬ್ಲ್ಯೂಆರ್‌ಟಿ54ಜಿ ರೂಟರಿನ ಸೋರ್ಸ್ ಕೋಡ್ ಬಿಡುಗಡೆ ಮಾಡಬೇಕಾಗಿ ಬಂದು, ಅದರಿಂದ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ರೂಟರ್ ತಂತ್ರಾಂಶ ಹುಟ್ಟಿತು. ಇನಿಟ್‌ಆರ್‌ಡಿಯ ವಾರಸುದಾರನಾದ ಇನಿಟ್‌ರಾಮ್‌ಎಫ್‌ಎಸ್ ಇವತ್ತು ಉಬುಂಟು ಅಥವಾ ಡೆಬಿಯನ್ ಇರುವ ಹೆಚ್ಚಿನ ಯಂತ್ರಗಳಲ್ಲಿ ಪ್ರತಿ ಬಾರಿ ಆನ್ ಮಾಡಿದಾಗ ಕೆಲಸ ಮಾಡುತ್ತದೆ, ಹಲವೆಡೆ ಒಳಗೆ ಬಿಜಿಬಾಕ್ಸ್ ಸಮೇತ.

ಮೂಲ ಪ್ರಶ್ನೆಯೂ ಉಳಿಯಿತು, ಕಾರಣ ಬೇರೆಯಾಯಿತು. ಈಚಿನ ವೈಫೈ ಚಿಪ್‌ಗಳಿಗೆ ಡ್ರೈವರ್ ಸಾಲದು, ತಯಾರಕರು ಕೊಡುವ ಫರ್ಮ್‌ವೇರ್ ಕಡತವೂ ಬೇಕು. ಅದರ ಸೋರ್ಸ್ ಕೋಡ್ ಮುಕ್ತವಲ್ಲ ಎಂಬ ಕಾರಣಕ್ಕೆ ಡೆಬಿಯನ್ ಅದನ್ನು ತನ್ನ ಅಧಿಕೃತ ಇನ್‌ಸ್ಟಾಲರಿನಿಂದ ಹೊರಗಿಟ್ಟಿತ್ತು. ಜಾಗಕ್ಕೆ ಈಗ ಕೊರತೆಯಿಲ್ಲ, ತತ್ತ್ವದ ಪ್ರಶ್ನೆ. ಈಥರ್‌ನೆಟ್ ಕಿಂಡಿಯೇ ಇಲ್ಲದ ತೆಳು ಲ್ಯಾಪ್‌ಟಾಪಿನವರು ಮತ್ತದೇ ಸುಳಿಗೆ ಸಿಕ್ಕಿದರು: ಫರ್ಮ್‌ವೇರ್ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್‌ಗೆ ಫರ್ಮ್‌ವೇರ್ ಬೇಕು. ಇಂಥ ಯಂತ್ರ ಸಿಕ್ಕಾಗ ಇನ್‌ಸ್ಟಾಲರ್ ತೋರಿಸುತ್ತಿದ್ದ ಸಂದೇಶವು ಬೇಕಾದ ಕಡತವನ್ನು ಯುಎಸ್‌ಬಿ ಸ್ಟಿಕ್‌ನಿಂದಲೋ ಫ್ಲಾಪಿಯಿಂದಲೋ ಕೊಡಬಹುದು ಎಂದು ಸೂಚಿಸುತ್ತಿತ್ತು. ವರ್ಷಗಟ್ಟಲೆ ವಾದ ನಡೆದು, 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ತೀರ್ಮಾನಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರ ಅಧಿಕೃತ ಇನ್‌ಸ್ಟಾಲರ್ ಆ ಫರ್ಮ್‌ವೇರನ್ನು ಒಳಗೇ ಇಟ್ಟುಕೊಂಡು ಬಂತು.